ಪಶ್ಚಾತ್ತಾಪ ಪಡಲೂ ಮತ ಹಾಕಿರಬೇಕು

ನನ್ನ ತಂಗಿಯ ಮಗ 2016ರ ಜೂನ್ 23ರಂದು ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ಮತಗಟ್ಟೆಯೊಂದರಲ್ಲಿ ಮತ ಚಲಾಯಿಸಿದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದು ಅವನನ್ನು ಎರಡು ವರ್ಷಗಳ ಹಿಂದೆ ಅಲ್ಲಿಗೆ ಕಳುಹಿಸಿತ್ತು. ಭಾರತದ ಪಾಸ್‌ಪೋರ್ಟ್ ಇದ್ದವನಿಗೆ ಬ್ರಿಟನ್ನಿನ ಜನಮತಗಣನೆಯಲ್ಲಿ ಮತಾಧಿಕಾರ ಹೇಗೆ ಬಂತು ಎಂದು ಓದುಗರು ಕೇಳಬಹುದು. ಅಲ್ಲಿ ಕಾನೂನುಬದ್ಧವಾಗಿ ನೆಲೆಸಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಆ ಹಕ್ಕಿತ್ತು. ಹತ್ತಾರು ವರ್ಷಗಳಿಂದ ಅಲ್ಲೇ ದುಡಿಯುತ್ತಿದ್ದ ಫ್ರಾನ್ಸ್, ಜರ್ಮನಿ, ಪೋಲೆಂಡ್ ಪ್ರಜೆಗಳಿಗೆ ಇರಲಿಲ್ಲ. ಸಾಮ್ರಾಜ್ಯವೊಂದು ಮುಳುಗಿದ ಮೇಲೂ ಅದರ ಕಾಗದಪತ್ರಗಳು ಎಷ್ಟು ಕಾಲ ಉಸಿರಾಡುತ್ತವೆ ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ನನಗೆ ತಿಳಿದಿಲ್ಲ.

ಅವನು ಮತ ಹಾಕಿದ್ದು ಐರೋಪ್ಯ ಒಕ್ಕೂಟದಿಂದ ಹೊರಬರಬೇಕು ಎಂಬ ಪಕ್ಷಕ್ಕೆ. ಯೂರೋಪಿನವರಿಗೆ ಬಾಗಿಲು ಮುಚ್ಚಿದರೆ ಭಾರತೀಯರಿಗೆ ತೆರೆಯುತ್ತದೆ ಎಂದು ಆಗ ಪ್ರಚಾರಕರು ಹೇಳುತ್ತಿದ್ದರು. ಅವನ ಕಚೇರಿಯ ಹಲವು ಭಾರತೀಯರು ಅದನ್ನು ನಂಬಿದ್ದರು. 2019ರಲ್ಲಿ ಅವನು ಹಿಂದಿರುಗಿ ಬಂದ. ಈಗ ವರ್ತೂರು ಸಮೀಪದ ಅಪಾರ್ಟ್‌ಮೆಂಟೊಂದರಲ್ಲಿ ವಾಸ, ವೈಟ್‌ಫೀಲ್ಡಿನಲ್ಲಿ ಉದ್ಯೋಗ. ಕೆಲವು ವಾರಗಳ ಹಿಂದೆ ಭಾನುವಾರದ ಊಟಕ್ಕೆ ಬಂದಿದ್ದಾಗ, ಅಂದಿನ ಮತದ ಬಗ್ಗೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದೆ. ಅವನು ತುಸು ಯೋಚಿಸಿ, "ಪಶ್ಚಾತ್ತಾಪ ಅನ್ನೋಕಾಗಲ್ಲ ಮಾವ. ಆದರೆ ನಾನು ಹೂಂ ಅಂದದ್ದು ಇದಕ್ಕಲ್ಲ" ಎಂದ.

ಈ ಮಾತಿನ ಎರಡೂ ಭಾಗಗಳನ್ನು ಗಂಭೀರವಾಗಿ ಪರಿಗಣಿಸಬೇಕೆಂದು ನನಗನ್ನಿಸುತ್ತದೆ.

ಆ ಜನಮತಗಣನೆಯಲ್ಲಿ ಹೊರಬರಬೇಕೆಂದವರು ಶೇ 51.9, ಉಳಿಯಬೇಕೆಂದವರು ಶೇ 48.1. ಸಂಖ್ಯೆಯಲ್ಲಿ ಹೇಳುವುದಾದರೆ 1.74 ಕೋಟಿ ಮತ್ತು 1.61 ಕೋಟಿ. ಮತದಾನ ಶೇ 72.2 ಆಗಿದ್ದರಿಂದ ಸುಮಾರು 1.3 ಕೋಟಿ ಮತದಾರರು ಮನೆಯಲ್ಲೇ ಉಳಿದಿದ್ದರು. ಇತ್ತೀಚಿನ ವರ್ಷಗಳ ಅಭಿಪ್ರಾಯ ಸಮೀಕ್ಷೆಗಳಲ್ಲಿ ಆ ತೀರ್ಮಾನ ತಪ್ಪಾಗಿತ್ತು ಎನ್ನುವವರೇ ಹೆಚ್ಚು. ಇದನ್ನು ನೋಡಿ ಮತದಾರರು ಕೈ ಕೈ ಹಿಸುಕಿಕೊಳ್ಳುತ್ತಿದ್ದಾರೆ ಎಂದು ಬರೆಯುವುದು ಸುಲಭ. ಆದರೆ ಅಂಕಿಅಂಶಗಳ ಒಳಹೊಕ್ಕು ನೋಡಿದರೆ ಚಿತ್ರ ಬೇರೆ. ಹೊರಬರಲು ಮತ ಹಾಕಿದವರಲ್ಲಿ ಬಹುಪಾಲು ಜನ ತಮ್ಮ ನಿಲುವಿಗೆ ಅಂಟಿಕೊಂಡಿದ್ದಾರೆ. ಮನಸ್ಸು ಬದಲಿಸಿದವರು ಇದ್ದಾರೆ, ಆದರೆ ಬದಲಾವಣೆಯ ಪೂರ್ತಿ ಹೊಣೆ ಅವರದಲ್ಲ. ಅಂದು ಮತ ಹಾಕದವರು ಈಗ ಒಂದು ಕಡೆಗೆ ವಾಲಿದ್ದಾರೆ. ಹಿರಿಯ ಮತದಾರರು ಕಾಲವಶರಾಗಿದ್ದಾರೆ. ಅಂದು ಶಾಲೆಯಲ್ಲಿದ್ದ ಮಕ್ಕಳು ಇಂದು ಮತದಾರರು. ವ್ಯಕ್ತಿಯ ಮನಸ್ಸು ಬದಲಾದುದಕ್ಕಿಂತ ಮತದಾರರ ಪಟ್ಟಿಯೇ ಬದಲಾಯಿತು ಎಂದರೆ ಹೆಚ್ಚು ತಪ್ಪಾಗದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇದರಲ್ಲಿ ಅಚ್ಚರಿಯಿಲ್ಲ. ಮಾರುಕಟ್ಟೆಯಲ್ಲಿ ಕೆಟ್ಟ ತರಕಾರಿ ಕೊಂಡವನು ಮರುದಿನ ಅಂಗಡಿ ಬದಲಿಸುತ್ತಾನೆ, ಯಾಕೆಂದರೆ ನಷ್ಟ ಅವನೊಬ್ಬನದು ಮತ್ತು ಕಣ್ಣೆದುರಿನದು. ಕೋಟಿಗಟ್ಟಲೆ ಮತಗಳಲ್ಲಿ ಒಂದು ಮತ ಹಾಕಿದವನಿಗೆ ಫಲಿತಾಂಶದ ಹೊಣೆ ತನ್ನದೆಂದು ಅನ್ನಿಸುವುದಿಲ್ಲ. ಕೆಟ್ಟದ್ದಾದರೆ ಜಾರಿಗೆ ತಂದ ಸರ್ಕಾರ ಕೆಟ್ಟದ್ದು, ತಾನು ಸರಿಯಾಗಿಯೇ ಇದ್ದೆ. ನನ್ನ ಸೋದರಳಿಯನ ಮಾತಿನ ಎರಡನೆಯ ಭಾಗ ಇದೇ.

ಅದರ ಪರಿಣಾಮ ನಮ್ಮ ಹೊರವಲಯಕ್ಕೂ ತಟ್ಟಿತು. ಫಲಿತಾಂಶದ ಮರುದಿನವೇ ಪೌಂಡ್ ಡಾಲರ್ ಎದುರು 31 ವರ್ಷಗಳ ಕನಿಷ್ಠ ಮಟ್ಟಕ್ಕೆ ಕುಸಿಯಿತು. ಪೌಂಡಿನಲ್ಲಿ ವರಮಾನ ಪಡೆದು ರೂಪಾಯಿಯಲ್ಲಿ ಸಂಬಳ ಕೊಡುವ ಎಲೆಕ್ಟ್ರಾನಿಕ್ ಸಿಟಿಯ ಕಂಪೆನಿಗಳಿಗೆ ಇದು ಲೆಕ್ಕದ ಪುಸ್ತಕದ ಸಂಗತಿಯಾಗಿ ಉಳಿಯಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಬ್ರಿಟನ್ನಿನ ಆರ್‌ಬಿಎಸ್ ಬ್ಯಾಂಕು ಹೊಸ ಬ್ಯಾಂಕೊಂದನ್ನು ಬೇರ್ಪಡಿಸುವ ಯೋಜನೆಯನ್ನು ಕೈಬಿಟ್ಟಾಗ, ಇನ್ಫೊಸಿಸ್ ಆ ಕೆಲಸದಲ್ಲಿ ತೊಡಗಿದ್ದ ಸುಮಾರು 3,000 ಮಂದಿಯನ್ನು ಹಿಂತೆಗೆಯಬೇಕಾಗುತ್ತದೆಂದು ಪ್ರಕಟಿಸಿತು. ಬಡ್ಡಿದರಗಳು ತೀರ ಕೆಳಗಿಳಿದದ್ದೂ ಆ ತೀರ್ಮಾನಕ್ಕೆ ಕಾರಣವಾಗಿತ್ತು. ಎಲ್ಲವನ್ನೂ ಜನಮತಗಣನೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಹಾಗಾದರೆ ಜನಮತಗಣನೆ ಎಂಬುದೇ ಅಪಾಯಕಾರಿಯೇ? ನಮ್ಮ ನೆರೆಯಲ್ಲೇ ನಡೆದ ಒಂದು ಪ್ರಸಂಗ ಹಾಗೆ ಹೇಳುವುದಿಲ್ಲ. 1967ರ ಜನವರಿ 16ರಂದು ಗೋವಾದ ಜನರನ್ನು ಒಂದು ಪ್ರಶ್ನೆ ಕೇಳಲಾಯಿತು: ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕೇ, ಕೇಂದ್ರಾಡಳಿತ ಪ್ರದೇಶವಾಗಿ ಪ್ರತ್ಯೇಕ ಉಳಿಯಬೇಕೇ? ವಿಲೀನಕ್ಕೆ ಹೂವಿನ ಚಿಹ್ನೆ, ಪ್ರತ್ಯೇಕತೆಗೆ ಎರಡೆಲೆಯ ಚಿಹ್ನೆ. ಎರಡೆಲೆಗೆ 1,72,191 ಮತ, ಹೂವಿಗೆ 1,38,170. ಅಂತರ 34,021. ಭಾಷೆ, ಧರ್ಮ, ಜಾತಿ ಎಲ್ಲವೂ ಆ ಪ್ರಚಾರದಲ್ಲಿ ಬೆರೆತಿದ್ದವು, ಮನೆಮನೆಗಳು ಒಡೆದಿದ್ದವು. ಇದಾದ ಎರಡೇ ತಿಂಗಳಲ್ಲಿ ನಡೆದ ವಿಧಾನಸಭಾ ಚುನಾವಣೆಯಲ್ಲಿ ಏನಾಯಿತು ಗೊತ್ತೇ? ವಿಲೀನಕ್ಕಾಗಿಯೇ ಹುಟ್ಟಿ, ಜನಮತಗಣನೆಯಲ್ಲಿ ಸೋತಿದ್ದ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವನ್ನೇ ಜನ ಮತ್ತೆ ಅಧಿಕಾರಕ್ಕೆ ತಂದರು. ದಯಾನಂದ ಬಾಂದೋಡ್ಕರ್ ಮತ್ತೆ ಮುಖ್ಯಮಂತ್ರಿಯಾದರು. ಕೆಲವರು ಇದನ್ನು ಮತದಾರರ ಗೊಂದಲ ಎಂದರು. ನಾನು ಇದನ್ನು ಮತದಾರರ ಪ್ರಬುದ್ಧತೆ ಎನ್ನುತ್ತೇನೆ. ಗಡಿಯ ಪ್ರಶ್ನೆಗೆ ಒಂದು ಉತ್ತರ, ಆಡಳಿತದ ಪ್ರಶ್ನೆಗೆ ಇನ್ನೊಂದು ಉತ್ತರ. ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿದ್ದರಿಂದ ಉತ್ತರಗಳೂ ಬೇರೆಯಾದವು. 1987ರ ಮೇ 30ರಂದು ಗೋವಾ ರಾಜ್ಯವಾಯಿತು. ವಿಲೀನದ ಮಾತನ್ನು ಅಲ್ಲಿ ಇಂದು ಯಾರೂ ಎತ್ತುವುದಿಲ್ಲ.

ಗೋವಾದವರಿಗೂ ಬ್ರಿಟನ್ನಿನವರಿಗೂ ವ್ಯತ್ಯಾಸ ಎಲ್ಲಿದೆ? ಗೋವಾದ ಮತದಾರನಿಗೆ ಎರಡೂ ದಾರಿಗಳ ಕೊನೆ ಕಾಣುತ್ತಿತ್ತು. ಮಹಾರಾಷ್ಟ್ರ ಎಂದರೇನೆಂದು ಅವನು ಬಲ್ಲ, ಕೇಂದ್ರಾಡಳಿತ ಎಂದರೇನೆಂದು ಆಗಲೇ ಅನುಭವಿಸಿದ್ದ. ಬ್ರಿಟನ್ನಿನಲ್ಲಿ "ಉಳಿಯುವುದು" ಎಂದರೆ ತಿಳಿದಿತ್ತು, "ಹೊರಬರುವುದು" ಎಂದರೆ ಏನೆಂದು ಕೇಳಿದವರಿಗೂ ತಿಳಿದಿರಲಿಲ್ಲ. ಅದರ ಅರ್ಥ ನಿರ್ಧರಿಸಲು ಸಂಸತ್ತಿಗೆ ಮೂರೂವರೆ ವರ್ಷ ಹಿಡಿಯಿತು. 2020ರ ಜನವರಿ 31ರಂದು ಕೊನೆಗೂ ಹೊರಬಂದರು. ಅಸ್ಪಷ್ಟ ಪ್ರಶ್ನೆಗೆ ಕೊಟ್ಟ ಉತ್ತರದ ಬಗ್ಗೆಯೇ ಜನ ಹೆಚ್ಚು ಕಾಲ ಕೊರಗುವುದು.

ಕೇಳದೇ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರು ದೂರ ಹೋಗಬೇಕಾಗಿಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅಲ್ಲಿನವರ ಮತ ಕೇಳಿರಲಿಲ್ಲ. ಹಾಗಾಗಿ ಅವರು ಚುನಾವಣೆಯನ್ನೇ ಜನಮತಗಣನೆ ಮಾಡಿಕೊಂಡರು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960 ಮತ್ತು 1967ರಲ್ಲಿ ಕಳ್ಳಿಗೆ ಮಹಾಬಲ ಭಂಡಾರಿ ಗೆದ್ದರು. ಚಂದ್ರಗಿರಿ ನದಿಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ವರದಿ ಕಪಾಟು ಸೇರಿತು. 1970ರಲ್ಲಿ ಅದೇ ಮಂಜೇಶ್ವರ ಸಿಪಿಐನ ಎಂ. ರಾಮಪ್ಪ ಅವರನ್ನು ಆರಿಸಿತು. ಜನ ಒಪ್ಪಿದರೆ, ದಣಿದರೆ? ಹೇಳುವುದು ಕಷ್ಟ. ಮುನಿಸು ಮಾತ್ರ ಪೂರ್ತಿ ಆರಿಲ್ಲವೆಂದು ಆ ಕಡೆಯ ನನ್ನ ಮಿತ್ರರ ಮಾತಿನಲ್ಲಿ ಈಗಲೂ ಕೇಳುತ್ತದೆ.

ಇಷ್ಟು ದೂರ ಸುತ್ತಿ ಬಂದದ್ದು ನಮ್ಮ ಮನೆ ಬಾಗಿಲಿಗೆ ಬರುವುದಕ್ಕಾಗಿಯೇ. 2007ರ ಜನವರಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಸುಮಾರು 225 ಚದರ ಕಿಲೋಮೀಟರಿನ ಪಾಲಿಕೆ 700 ಚದರ ಕಿಲೋಮೀಟರು ಮೀರಿತು. ಪೀಣ್ಯದ ಕಾರ್ಖಾನೆಗಳಿದ್ದ ದಾಸರಹಳ್ಳಿ, ವೈಟ್‌ಫೀಲ್ಡಿನ ಐ.ಟಿ. ಪಾರ್ಕುಗಳಿದ್ದ ಮಹದೇವಪುರ ಎರಡೂ ಒಂದೇ ಅಧಿಸೂಚನೆಯಲ್ಲಿ ಒಳಬಂದವು. 2025ರ ಸೆಪ್ಟೆಂಬರ್ 2ರಂದು ಅದೇ ಪಾಲಿಕೆ ಐದಾಗಿ ಒಡೆಯಿತು. ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕುಳಿತಿತು. ಕೂಡಿಸುವಾಗಲೂ ಕಳೆಯುವಾಗಲೂ ನಿವಾಸಿಗಳ ಮತ ಕೇಳಿದ್ದಿಲ್ಲ. ಎಲೆಕ್ಟ್ರಾನಿಕ್ ಸಿಟಿಯ ಕಥೆ ಬೇರೆ: ಅಲ್ಲಿ 2013ರಿಂದ ಕೈಗಾರಿಕಾ ಟೌನ್‌ಶಿಪ್ ಪ್ರಾಧಿಕಾರವಿದೆ, ಉದ್ಯಮಗಳ ಮತ್ತು ಸರ್ಕಾರದ ಪ್ರತಿನಿಧಿಗಳು ಅದನ್ನು ನಡೆಸುತ್ತಾರೆ. ಅಲ್ಲಿನ ರಸ್ತೆಗಳು ಚೆನ್ನಾಗಿವೆ. ಸುತ್ತಲಿನ ಹಳ್ಳಿಗಳವರು ಆ ರಸ್ತೆಯಲ್ಲಿ ನಡೆದುಹೋಗುತ್ತಾರೆ.

2007ರಲ್ಲಿ ನಾನು ಸೇವೆಯಲ್ಲಿದ್ದೆ, ಪಾಲಿಕೆಗೆ ಸಂಬಂಧವಿಲ್ಲದ ಇಲಾಖೆಯಲ್ಲಿ. ವಿಲೀನವನ್ನು ಮನಸಾರೆ ಒಪ್ಪಿದ್ದೆ. ದೊಡ್ಡ ಘಟಕಕ್ಕೆ ಮಿತವ್ಯಯ ಹೆಚ್ಚು, ನೀರು ಒಳಚರಂಡಿಗಳಿಗೆ ಬಂಡವಾಳ ಸಿಗುತ್ತದೆ ಎಂಬ ಪಠ್ಯಪುಸ್ತಕದ ವಾದ ನನ್ನಲ್ಲಿ ಗಟ್ಟಿಯಾಗಿತ್ತು. ಆ 110 ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ, ದಿನಕ್ಕೆ 77.5 ಕೋಟಿ ಲೀಟರ್ ನೀರಿನ ಯೋಜನೆ, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವೆ ಹದಿನೇಳು ವರ್ಷ ಟ್ಯಾಂಕರುಗಳು ಓಡಿದವು. ಆಸ್ತಿ ತೆರಿಗೆ ಸಂಗ್ರಹದಲ್ಲಿ ಮಹದೇವಪುರ ವಲಯ ವರ್ಷ ವರ್ಷವೂ ಮುಂಚೂಣಿಯಲ್ಲಿತ್ತು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ವರ್ತೂರು ಕೆರೆಯ ಏರಿಯ ಬಳಿ ಭೇಟಿಯಾದ ಹಿರಿಯ ರೈತರೊಬ್ಬರಿಗೆ, ಪಾಲಿಕೆಗೆ ಸೇರಿದ್ದಕ್ಕೆ ಬೇಸರವಿದೆಯೇ ಎಂದು ಕೇಳಿದ್ದೆ. "ನಾವೆಲ್ಲಿ ಸೇರಿದ್ವಿ ಸ್ವಾಮಿ, ಸೇರಿಸ್ಕೊಂಡ್ರು" ಎಂದರು.

ನಿಯಮದಲ್ಲಿ ಜನರ ಅಭಿಪ್ರಾಯಕ್ಕೆ ಜಾಗವಿಲ್ಲವೆಂದಲ್ಲ. ಕರಡು ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆಗೆ ಕಾಲಾವಕಾಶವಿರುತ್ತದೆ. 2025ರಲ್ಲೂ 30 ದಿನ ಕೊಟ್ಟಿದ್ದರು. ಆ ಆಕ್ಷೇಪಣೆಗಳ ಗತಿ ಏನೆಂದು ನನ್ನಂಥವರು ಬಲ್ಲರು. ವರ್ಷಗಳ ಹಿಂದೆ ಒಂದು ಜಿಲ್ಲೆಯಲ್ಲಿ ಗ್ರಾಮ ಪಂಚಾಯಿತಿಯೊಂದನ್ನು ಪಟ್ಟಣ ಪಂಚಾಯಿತಿಯಾಗಿ ಮೇಲ್ದರ್ಜೆಗೇರಿಸುವ ಕಡತ ನನ್ನ ಮೇಜಿಗೆ ಬಂದಿತ್ತು. ಊರಿನ ಹೆಸರು ಬೇಡ. ಆಕ್ಷೇಪಣೆಗಳ ಒಂದು ದಪ್ಪ ಕಟ್ಟು ಜೊತೆಗಿತ್ತು, ಹಲವು ಹೆಬ್ಬೆಟ್ಟಿನ ಗುರುತಿನವು. ನಾನು ಓದಿದ್ದು ಮೂರರಲ್ಲಿ ಒಂದು ಪಾಲು ಇದ್ದೀತು. "ಆಕ್ಷೇಪಣೆಗಳನ್ನು ಪರಿಶೀಲಿಸಲಾಗಿದೆ, ಅವು ಪರಿಗಣನೆಗೆ ಅರ್ಹವಾಗಿಲ್ಲ" ಎಂದು ಬರೆದು ಸಹಿ ಮಾಡಿದೆ. ಮರುವರ್ಷ ಅದೇ ಊರಿಗೆ ಹೋದಾಗ ಒಬ್ಬ ಹೆಣ್ಣುಮಗಳು ಉದ್ಯೋಗ ಖಾತರಿಯ ಕೆಲಸ ಏಕೆ ನಿಂತಿತೆಂದು ಕೇಳಿದಳು. ಊರು ಪಟ್ಟಣವಾದ ಮೇಲೆ ಆ ಗ್ರಾಮೀಣ ಯೋಜನೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ನಾನು ಓದದೇ ಬಿಟ್ಟ ಅರ್ಜಿಗಳಲ್ಲಿ ಅದೂ ಇದ್ದಿರಬೇಕು. ಮತದಾರರ ಪಶ್ಚಾತ್ತಾಪದ ಬಗ್ಗೆ ಬರೆಯಲು ಕುಳಿತಾಗ ಮೊದಲು ನೆನಪಾದದ್ದು ನನ್ನ ಆ ಸಹಿ.

ಹಾಗೆಂದು ಪ್ರತಿ ವಾರ್ಡಿನ ಗಡಿಗೂ ಜನಮತಗಣನೆ ನಡೆಸಿ ಎನ್ನುವಷ್ಟು ಭಾವುಕನಲ್ಲ ನಾನು. ತೊಡಕುಗಳಿವೆ. ಪೀಣ್ಯದ ಲೇತ್ ಯಂತ್ರದ ಮುಂದೆ ನಿಂತವನ ಮತ ತುಮಕೂರು ಜಿಲ್ಲೆಯ ಹಳ್ಳಿಯಲ್ಲಿರುತ್ತದೆ. ವೈಟ್‌ಫೀಲ್ಡಿನ ಬಾಡಿಗೆ ಮನೆಯ ಎಂಜಿನಿಯರ್ ಮುಂದಿನ ವರ್ಷ ಪುಣೆಯಲ್ಲಿರಬಹುದು. ತೆರಿಗೆ ಹೆಚ್ಚು ಕೊಡುವ ಪ್ರದೇಶಗಳನ್ನು ಮಾತ್ರ ಕೇಳಿದರೆ ಅವು ತಮ್ಮ ಹಣ ತಮಗೇ ಇರಲಿ ಎಂದೇ ಹೇಳುತ್ತವೆ. ಬಡ ಪಾಲಿಕೆಯವರ ಉತ್ತರವನ್ನೂ ಜೊತೆಗೇ ಎಣಿಸಬೇಕಾಗುತ್ತದೆ. ಕೇಳುವುದಾದರೆ ಗೋವಾದಲ್ಲಿ ಕೇಳಿದಂತೆ ಕೇಳಬೇಕು: ತೆರಿಗೆ ಎಷ್ಟು, ನೀರು ಯಾವ ವರ್ಷ, ಯಾರು ಉತ್ತರದಾಯಿ ಎಂಬುದು ಎರಡೂ ಆಯ್ಕೆಗಳಲ್ಲಿ ಬರೆದಿರಬೇಕು.

ಅದಕ್ಕೂ ಮುಂಚಿನ, ಸಂವಿಧಾನವೇ ಹೇಳಿರುವ ಕೆಲಸ ಒಂದಿದೆ. ನಗರ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತದೆ 243ಯು ವಿಧಿ. 2015ರಲ್ಲಿ ಆರಿಸಿದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ಪಾಲಿಕೆ ಐದಾಗಿ ಒಡೆಯುವವರೆಗಿನ ಐದು ವರ್ಷ ಅದು ಆಡಳಿತಾಧಿಕಾರಿಗಳ ಕೈಯಲ್ಲಿತ್ತು. ಅಂದರೆ ಒಂದು ಪೂರ್ಣಾವಧಿಯೇ ಚುನಾವಣೆಯಿಲ್ಲದೆ ಕಳೆಯಿತು. ಆಡಳಿತಾಧಿಕಾರಿಗಳು ನನ್ನ ಸಹೋದ್ಯೋಗಿಗಳೇ, ದಕ್ಷರೂ ಹೌದು. ಅವರನ್ನು ಬದಲಿಸುವ ಹಕ್ಕು ಮಾತ್ರ ವರ್ತೂರಿನವರಿಗೆ ಇರಲಿಲ್ಲ.

ಊಟ ಮುಗಿಸಿ ಹೊರಟ ಸೋದರಳಿಯನನ್ನು, ಇಲ್ಲಿನ ಮತದಾರರ ಪಟ್ಟಿಯಲ್ಲಿ ಹೆಸರಿದೆಯೇ ಎಂದು ಕೇಳಿದೆ. 2020ರಲ್ಲಿ ಫ್ಲ್ಯಾಟ್ ಕೊಂಡ ತಕ್ಷಣ ಸೇರಿಸಿದ್ದಾನಂತೆ. ವಿಧಾನಸಭೆಗೆ ಹಾಕಿದ್ದಾನೆ, ಲೋಕಸಭೆಗೆ ಹಾಕಿದ್ದಾನೆ. ಬ್ರಿಟನ್ನು ಯೂರೋಪಿನಲ್ಲಿರಬೇಕೇ ಎಂಬುದಕ್ಕೂ ಹಾಕಿ ಬಂದಿದ್ದಾನೆ. ತನ್ನ ಮನೆಯ ಮುಂದಿನ ಚರಂಡಿಗೆ ಯಾರು ಹೊಣೆ ಎಂಬುದಕ್ಕೆ ಆ ಐದು ವರ್ಷ ಅವನನ್ನು ಯಾರೂ ಕೇಳಿರಲಿಲ್ಲ.