ಮೊದಲು ಮೇಷ್ಟ್ರು, ಆಮೇಲೆ ಶಾಲೆ

ಮುಂಬೈಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾಗಿರುವುದು ನಿಜ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ಸಂಜೆ ರಾತ್ರಿ ಶಾಲೆಗೆ ಓಡಿಬರುತ್ತಿದ್ದ ತುಳುನಾಡಿನ ಹುಡುಗರ ಕಾಲ ಮುಗಿಯಿತು. ಇಲ್ಲೇ ನೆಲೆನಿಂತವರು ಮಕ್ಕಳನ್ನು ಇಂಗ್ಲಿಷಿಗೆ ಹಾಕುತ್ತಾರೆ. ಇದಕ್ಕೆಲ್ಲ ಕಪ್ಪುಹಲಗೆಯ ಮುಂದೆ ನಿಂತವರು ಹೊಣೆಯೇ? ಶಿಕ್ಷೆ ಮಾತ್ರ ಅವರಿಗೇ.

2017ರ ಮೇ 17ರಂದು ಮಹಾರಾಷ್ಟ್ರ ಸರಕಾರ ಒಂದು ಆದೇಶ ಹೊರಡಿಸಿತು. ಹಗಲು ಬೇರೆ ಶಾಲೆಯಲ್ಲಿ ಕಲಿಸಿ ಸಂಜೆ ರಾತ್ರಿ ಶಾಲೆಗಳನ್ನು ನಡೆಸಿಕೊಂಡು ಬಂದಿದ್ದ ಶಿಕ್ಷಕರ ಅಲ್ಲಿನ ಸೇವೆ ಅಷ್ಟಕ್ಕೇ ಮುಗಿಯಿತು. ಶಾಲೆ ತೆರೆಯಲು ತಿಂಗಳೂ ಉಳಿದಿರಲಿಲ್ಲ. 2024ರ ಮಾರ್ಚ್ 15ರ ಆದೇಶ ಇನ್ನೂ ಕ್ರೂರ: ಆರರಿಂದ ಎಂಟನೆಯ ತರಗತಿಗಳಲ್ಲಿ 20ಕ್ಕಿಂತ ಕಡಿಮೆ ಮಕ್ಕಳಿದ್ದರೆ ಒಬ್ಬ ಶಿಕ್ಷಕರಿಗೂ ಮಂಜೂರಾತಿಯಿಲ್ಲ. ಕೊಲಾಬಾದಿಂದ ದಹಿಸರ್‌ವರೆಗೆ ಚದುರಿಹೋದ ಕನ್ನಡದ ಮಕ್ಕಳಿಗೆ ಈ ಲೆಕ್ಕ ಯಾವ ನ್ಯಾಯ? ಹತ್ತೊಂಬತ್ತು ಮಕ್ಕಳಿಗೆ ಗಣಿತ ಬೇಡವೇ?

ಹೀಗೆ 'ಹೆಚ್ಚುವರಿ' ಎಂದಾದ ಶಿಕ್ಷಕರನ್ನು ಬೇರೆಡೆ ಸೇರಿಸಿಕೊಳ್ಳುತ್ತೇವೆ ಅನ್ನುತ್ತದೆ ಸರಕಾರ. ಕನ್ನಡದಲ್ಲೇ ಓದಿ, ಕನ್ನಡದಲ್ಲೇ ವಿಜ್ಞಾನ ಕಲಿಸಿದವರನ್ನು ಮರಾಠಿ ಶಾಲೆಯ ತರಗತಿಯಲ್ಲಿ ನಿಲ್ಲಿಸಿದರೆ ಅವಮಾನ ಅವರಿಗೂ, ನಷ್ಟ ಆ ಮಕ್ಕಳಿಗೂ.

ಸರಕಾರಕ್ಕಿಂತ ನನ್ನ ಸಿಟ್ಟು ನಮ್ಮವರ ಮೇಲೇ ಹೆಚ್ಚು. ಶಾಲೆ ಕಟ್ಟಿದ ಹಿರಿಯರು ಹೋಟೆಲಿನ ಗಲ್ಲಾದಿಂದ, ಮಿಲ್ಲಿನ ಪಗಾರದಿಂದ ಕಾಸು ಕೂಡಿಸಿದರು. ಇಂದಿನ ಪದಾಧಿಕಾರಿಗಳಲ್ಲಿ ಹಲವರಿಗೆ ಆ ಕಟ್ಟಡದ ಚದರಡಿಯ ಬೆಲೆ ಗೊತ್ತು, ಅಲ್ಲಿ ಕಲಿಸುವವರ ಹೆಸರು ಗೊತ್ತಿಲ್ಲ. ಕನ್ನಡ ವಿಭಾಗಕ್ಕೆ ಪ್ರವೇಶದ ಒಂದು ಫಲಕವನ್ನೂ ಹಾಕದೆ, ಅದೇ ಆವರಣದ ಇಂಗ್ಲಿಷ್ ವಿಭಾಗಕ್ಕೆ ಬಣ್ಣ ಬಳಿದು, ಕೊನೆಗೆ 'ಮಕ್ಕಳೇ ಬರಲಿಲ್ಲ' ಎಂದು ಕೈ ತೊಳೆದುಕೊಳ್ಳುತ್ತಾರೆ. ಇಪ್ಪತ್ತು ವರ್ಷ ಕಲಿಸಿದ ಟೀಚರನ್ನು ಏಪ್ರಿಲಿನಲ್ಲಿ ಪಡಸಾಲೆಯಲ್ಲಿ ನಿಲ್ಲಿಸಿ 'ಜೂನಿನಿಂದ ಬರಬೇಡಿ' ಅನ್ನುವ ಧೈರ್ಯ ಎಲ್ಲಿಂದ ಬಂತು?

ಹಾಗೆ ಹೇಳುವ ಹಕ್ಕು ಯಾವ ಆಡಳಿತ ಮಂಡಳಿಗೂ ಇಲ್ಲ. ಮಹಾರಾಷ್ಟ್ರದ ಖಾಸಗಿ ಶಾಲಾ ನೌಕರರ 1977ರ ಕಾಯ್ದೆಯಿದೆ, 1981ರ ನಿಯಮಗಳಿವೆ. ಮಕ್ಕಳು ಕಡಿಮೆಯಾದರೂ ಕಾಯಂ ನೌಕರರಿಗೆ ಮೂರು ತಿಂಗಳ ನೋಟಿಸು ಕೊಡಬೇಕು, ಸೇವಾ ಹಿರಿತನ ನೋಡಬೇಕು, ಶಿಕ್ಷಣಾಧಿಕಾರಿಯ ಒಪ್ಪಿಗೆ ಮೊದಲೇ ಪಡೆಯಬೇಕು. ಶಿಕ್ಷಕರಿಗೂ ಗ್ರಾಚ್ಯುಟಿ ಸಲ್ಲಬೇಕೆಂದು ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿ ಹೇಳಿತು. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ವರ್ಷವರ್ಷವೂ ತಾತ್ಕಾಲಿಕ ಪತ್ರ ಕೊಟ್ಟು ಯಾರನ್ನೂ ಕಾಯಂ ಮಾಡದಿರುವುದು ಇದೆಲ್ಲವನ್ನೂ ತಪ್ಪಿಸುವ ಹುನ್ನಾರ.

ಅಧ್ಯಕ್ಷರೇ, ಕಾರ್ಯದರ್ಶಿಗಳೇ, ಒಬ್ಬರನ್ನಾದರೂ ಮನೆಗೆ ಕಳಿಸುವ ಮೊದಲು ಮಹಾಸಭೆ ಕರೆಯಿರಿ. ಮೂರು ವರ್ಷದ ಲೆಕ್ಕ ಮೇಜಿನ ಮೇಲಿಡಿ. ಹಿರಿತನದ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಅಂಟಿಸಿ. ಸನ್ಮಾನ ಸಮಾರಂಭ, ಸ್ಮರಣ ಸಂಚಿಕೆ, ಸಭಾಗೃಹದ ಹವಾನಿಯಂತ್ರಣ ಇವುಗಳಲ್ಲಿ ಏನನ್ನು ಕಡಿತಗೊಳಿಸಿದ್ದೀರಿ ಎಂದು ಆ ಟೀಚರ ಎದುರೇ ಓದಿ ಹೇಳಿ.