ಎಂಜಿನ್ನಿನ ಬಡಿತಕ್ಕೆ ಪೆಟ್ರೋಲೊಂದೇ ಹೊಣೆಯೆ?

ಅಮೆರಿಕ ದೇಶದಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು ಅಕ್ಕರೆಯಿಂದ ಕಾಪಾಡಿಕೊಂಡು ಬರುವ ಹವ್ಯಾಸಿಗಳು ಬಹು ಮಂದಿ ಇದ್ದಾರೆ. 1970ನೆಯ ಇಸವಿಯ ಷೆವ್ರೊಲೆ ಕಾರ್ವೆಟ್ ಅವರಿಗೆ ಬಲು ಮೆಚ್ಚಿನ ಕಾರುಗಳಲ್ಲೊಂದು. ಅಂಥ ಕಾರೊಂದು ಏರುದಾರಿಯನ್ನು ಹತ್ತುತ್ತಿರುವಾಗ, ಚಾಲಕನು ಗೇರನ್ನು ಇಳಿಸದೆ ಆಕ್ಸಿಲರೇಟರನ್ನು ಪೂರ್ತಿಯಾಗಿ ತುಳಿದನೆಂದು ಭಾವಿಸೋಣ. ಆಗ ಎಂಜಿನ್ನಿನೊಳಗಿಂದ, ತಗಡಿನ ಡಬ್ಬಿಯಲ್ಲಿ ಗೋಲಿಗಳನ್ನು ಹಾಕಿ ಕುಲುಕಿದಂತೆ, ಟಣಟಣವೆಂಬ ಸದ್ದು ಕೇಳಿಬರಬಹುದು. ಈ ಸದ್ದಿಗೆ ರಿಪೇರಿಯವರು ‘ನಾಕಿಂಗ್’ ಎನ್ನುತ್ತಾರೆ. ನಾವು ‘ಬಡಿತ’ ಎಂದು ಕರೆಯೋಣ. ಇದನ್ನು ಕೇಳಿದ ಒಡೆಯನು ಸಾಮಾನ್ಯವಾಗಿ ಆಡುವ ಮಾತು ಒಂದೇ: “ಇಂದಿನ ಪೆಟ್ರೋಲು ಕಳಪೆಯಾಗಿದೆ, ಅಂದಿನ ಪೆಟ್ರೋಲು ಎಲ್ಲಿ, ಇದೆಲ್ಲಿ!”

ಈ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಅದನ್ನು ಪೂರ್ಣಸತ್ಯವೆಂದು ನಾವು ಒಪ್ಪಲಾರೆವು. ‘ಒಳ್ಳೆಯ ಪೆಟ್ರೋಲು’ ಎಂದರೇನು ಎಂಬುದನ್ನೇ ಅದು ತಪ್ಪಾಗಿ ತಿಳಿದಿದೆ. ಆ ತಪ್ಪು ತಿಳಿವಳಿಕೆಗೆ ಜಗತ್ತು ಒಮ್ಮೆ ಬಹಳ ದುಬಾರಿಯಾದ ಬೆಲೆಯನ್ನು ತೆತ್ತಿದೆ. ಆದ್ದರಿಂದ ವಿಷಯವನ್ನು ಮೊದಲಿನಿಂದ ವಿಚಾರ ಮಾಡೋಣ.

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನೊಳಕ್ಕೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಬರುತ್ತದೆ. ಪಿಸ್ಟನ್ನು ಮೇಲಕ್ಕೆ ಸರಿದು ಆ ಮಿಶ್ರಣವನ್ನು ಒತ್ತುತ್ತದೆ. ಒತ್ತುವ ಮೊದಲಿನ ಗಾತ್ರಕ್ಕೂ ಒತ್ತಿದ ಮೇಲಿನ ಗಾತ್ರಕ್ಕೂ ಇರುವ ಅನುಪಾತವೇ ಸಂಪೀಡನ ಪ್ರಮಾಣ. ಸೈಕಲ್ಲಿಗೆ ಗಾಳಿ ಹೊಡೆದವರು, ಪಂಪಿನ ತುದಿ ಬಿಸಿಯಾಗುವುದನ್ನು ಮುಟ್ಟಿ ನೋಡಿರುತ್ತಾರೆ. ಇಲ್ಲಿಯೂ ಅದೇ ನಡೆಯುತ್ತದೆ. ಮಿಶ್ರಣವು 57 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಒಳಬಂದಿತೆಂದೂ, ಅದರ ವಿಶಿಷ್ಟೋಷ್ಣಗಳ ನಿಷ್ಪತ್ತಿ 1.35 ಎಂದೂ ಇಟ್ಟುಕೊಂಡು ಲೆಕ್ಕ ಮಾಡಿದರೆ, 9ರ ಪ್ರಮಾಣದಲ್ಲಿ ಒತ್ತಿದಾಗ ಉಷ್ಣತೆ ಸುಮಾರು 440 ಡಿಗ್ರಿಗೆ ಏರುತ್ತದೆ. 11ರ ಪ್ರಮಾಣದಲ್ಲಿ ಸುಮಾರು 490 ಡಿಗ್ರಿಗೆ. ಬೆಂಕಿ ಹೊತ್ತುವುದಕ್ಕೆ ಮುಂಚಿನ ಮಾತು ಇದು.

ಅನಂತರ ಸ್ಪಾರ್ಕ್ ಪ್ಲಗ್ಗು ಕಿಡಿಯನ್ನು ಹಾರಿಸುತ್ತದೆ. ಜ್ವಾಲೆಯು ಸೆಕೆಂಡಿಗೆ ಕೆಲವು ಹತ್ತು ಮೀಟರುಗಳ ವೇಗದಿಂದ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುತ್ತದೆ. ಇದು ಸ್ಫೋಟವಲ್ಲ, ಕ್ರಮವಾದ ದಹನ. ಆದರೆ ಉರಿದ ಭಾಗವು ಹಿಗ್ಗಿ, ಇನ್ನೂ ಉರಿಯದೆ ಮೂಲೆಯಲ್ಲಿ ಉಳಿದಿರುವ ಮಿಶ್ರಣವನ್ನು ಮತ್ತಷ್ಟು ಅಮುಕುತ್ತದೆ; ಅದರ ಉಷ್ಣತೆ ಮತ್ತೆ ಏರುತ್ತದೆ. ಜ್ವಾಲೆಯು ತನ್ನನ್ನು ತಲುಪುವವರೆಗೆ ಆ ಕೊನೆಯ ಪಾಲು ತಾಳಿಕೊಂಡಿದ್ದರೆ ಎಲ್ಲವೂ ಸುಗಮ. ತಾಳಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ ಬಡಿತ ಹುಟ್ಟುತ್ತದೆ. ಹಾಗೆ ಎದ್ದ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಯಿಂದ ಗೋಡೆಗೆ ಅಪ್ಪಳಿಸುತ್ತವೆ. ಕಾರ್ವೆಟ್ಟಿನ ಸಿಲಿಂಡರಿನಂತೆ ವ್ಯಾಸವು ಸುಮಾರು 10 ಸೆಂಟಿಮೀಟರಿದ್ದರೆ, ಈ ಅಲೆಗಳ ಕಂಪನಸಂಖ್ಯೆ ಸೆಕೆಂಡಿಗೆ ಐದಾರು ಸಾವಿರವಾಗುತ್ತದೆ. ನಮ್ಮ ಕಿವಿಗೆ ಬೀಳುವ ಟಣತ್ಕಾರ ಅದೇ.

ಸದ್ದು ಮಾತ್ರವೇ ಆಗಿದ್ದರೆ ಚಿಂತೆಯಿರಲಿಲ್ಲ. ಲೋಹದ ಗೋಡೆಗಂಟಿಕೊಂಡು ಅದನ್ನು ಕಾಪಾಡುತ್ತಿರುವ ತೆಳುವಾದ ಅನಿಲದ ಪದರವನ್ನು ಈ ಅಲೆಗಳು ಚದರಿಸುತ್ತವೆ. ಆಗ ಪಿಸ್ಟನ್ನಿಗೆ ತಗಲುವ ಶಾಖ ಹೆಚ್ಚುತ್ತದೆ. ಬಲವಾದ ಬಡಿತವನ್ನು ಬಹುಕಾಲ ಅಲಕ್ಷಿಸಿದರೆ ಪಿಸ್ಟನ್ನಿನ ಅಂಚು ಕರಗಿ ಸವೆಯುವುದುಂಟು.

ಹಾಗಾದರೆ ಸಂಪೀಡನ ಪ್ರಮಾಣವನ್ನು ಕಡಮೆ ಮಾಡಬಾರದೇಕೆ? ಎಂಜಿನ್ನಿನ ದಕ್ಷತೆಯು ಅದನ್ನೇ ಅವಲಂಬಿಸಿದೆ. ಕೇವಲ ಗಾಳಿಯನ್ನಿಟ್ಟುಕೊಂಡು ಮಾಡುವ ಆದರ್ಶ ಲೆಕ್ಕದಲ್ಲಿ, 9ರ ಪ್ರಮಾಣಕ್ಕೆ ದಕ್ಷತೆ ಶೇಕಡಾ 58ರಷ್ಟು, 11ರ ಪ್ರಮಾಣಕ್ಕೆ ಶೇಕಡಾ 62ರಷ್ಟು. ನಿಜವಾದ ಎಂಜಿನ್ನುಗಳಲ್ಲಿ ದೊರೆಯುವುದು ಇದಕ್ಕಿಂತ ಬಹಳ ಕಡಮೆ. ಆದರೂ ಏರಿಕೆಯ ದಿಕ್ಕು ಅದೇ. ವೇಗವನ್ನೇ ಗುರಿಯಾಗಿಟ್ಟುಕೊಂಡ ಸ್ಪೋರ್ಟ್ಸ್ ಕಾರಿನ ಎಂಜಿನ್ನು ಬಡಿತದ ಅಂಚಿನಲ್ಲಿಯೇ ಓಡುವುದು ಇದರಿಂದಾಗಿಯೇ.

ಇನ್ನು ಇಂಧನದ ಪಾಲನ್ನು ನೋಡೋಣ. ಬಡಿತವನ್ನು ತಾಳಿಕೊಳ್ಳುವ ಶಕ್ತಿ ಎಲ್ಲ ಇಂಧನಗಳಿಗೂ ಸಮನಾಗಿಲ್ಲ. ಅದನ್ನು ಅಳೆಯಲು 1926ರಲ್ಲಿ ಗ್ರಹಾಂ ಎಡ್ಗರ್ ಎಂಬ ರಸಾಯನಶಾಸ್ತ್ರಜ್ಞರು ಒಂದು ಮಾನವನ್ನು ಸೂಚಿಸಿದರು. ಇಂಗಾಲದ ಪರಮಾಣುಗಳು ನೇರವಾದ ಸರಪಣಿಯಾಗಿರುವ ಹೆಪ್ಟೇನ್ ಬಹು ಸುಲಭವಾಗಿ ಬಡಿಯುತ್ತದೆ, ಅದಕ್ಕೆ 0. ಕವಲೊಡೆದ ರಚನೆಯುಳ್ಳ ಐಸೊಆಕ್ಟೇನ್ ಚೆನ್ನಾಗಿ ತಾಳುತ್ತದೆ; ಅದಕ್ಕೆ 100. ಒಂದು ಪೆಟ್ರೋಲಿನ ಆಕ್ಟೇನ್ ಸಂಖ್ಯೆ 95 ಎಂದರೆ, ಪರೀಕ್ಷೆಯ ಎಂಜಿನ್ನಿನಲ್ಲಿ ಅದು 95 ಪಾಲು ಐಸೊಆಕ್ಟೇನ್ ಮತ್ತು 5 ಪಾಲು ಹೆಪ್ಟೇನುಗಳ ಮಿಶ್ರಣದಂತೆ ವರ್ತಿಸಿತು ಎಂದರ್ಥ, ಅಷ್ಟೇ ಅರ್ಥ. ಪೆಟ್ರೋಲಿನಲ್ಲಿ ಎಷ್ಟು ಶಕ್ತಿಯಿದೆ, ಅದು ಎಷ್ಟು ಶುದ್ಧ, ಎಷ್ಟು ದೂರ ಓಡಿಸೀತು ಎಂಬುದನ್ನು ಈ ಅಂಕಿ ಹೇಳುವುದೇ ಇಲ್ಲ. ಅದು ತಾಳ್ಮೆಯ ಅಳತೆ, ಬಲದ ಅಳತೆಯಲ್ಲ.

ಕಾರ್ವೆಟ್ಟಿನ ಒಡೆಯನ ದೂರಿನಲ್ಲಿ ಇನ್ನೊಂದು ಗೊಂದಲವೂ ಸೇರಿದೆ. 1970ರಲ್ಲಿ ಅಲ್ಲಿಯ ಉತ್ತಮ ದರ್ಜೆಯ ಪೆಟ್ರೋಲಿನ ಅಂಕಿ 100ರ ಹತ್ತಿರವಿತ್ತು. ಇಂದು ಬಂಕಿನಲ್ಲಿ 91 ಅಥವಾ 93 ಎಂದು ಬರೆದಿರುತ್ತದೆ. ನೋಡಿದವರಿಗೆ ದೊಡ್ಡ ಇಳಿತವೆನಿಸುತ್ತದೆ. ಆದರೆ ಈ ಎರಡು ಅಂಕಿಗಳು ಒಂದೇ ಮಾನದವಲ್ಲ. ಹಿಂದಿನದು ಸೌಮ್ಯ ಸ್ಥಿತಿಯಲ್ಲಿ ಅಳೆದ ‘ರಿಸರ್ಚ್’ ಸಂಖ್ಯೆ. ಇಂದು ಅಲ್ಲಿ ಬರೆಯುವುದು ಆ ಸಂಖ್ಯೆಯ ಮತ್ತು ಕಠಿನ ಸ್ಥಿತಿಯಲ್ಲಿ ಅಳೆದ ‘ಮೋಟಾರ್’ ಸಂಖ್ಯೆಯ ಸರಾಸರಿ. ಇಂದಿನ 93, ಹಿಂದಿನ ಮಾನದಲ್ಲಿ ಸುಮಾರು 97ರಿಂದ 98 ಆಗುತ್ತದೆ. ಅಂತರವಿರುವುದು ನಿಜ, ಆದರೆ ಊಹಿಸಿದಷ್ಟಿಲ್ಲ. ಅಳತೆಯ ಕೋಲು ಯಾವುದೆಂದು ಕೇಳದೆ ಅಂಕಿಗಳನ್ನು ಹೋಲಿಸಬಾರದೆಂಬ ಪಾಠವನ್ನು ವಿದ್ಯಾರ್ಥಿಗಳು ಇಲ್ಲಿ ಕಲಿಯಬೇಕು.

ಆದರೆ ಅಂದಿನ ಆ 100 ಬಂದದ್ದು ಹೇಗೆ? ಇದಕ್ಕೆ ನಾವು ಇನ್ನೂ ಹಿಂದಕ್ಕೆ ಹೋಗಬೇಕು. 1916ರಲ್ಲಿ ಥಾಮಸ್ ಮಿಜ್ಲಿ ಎಂಬ ತರುಣ ಎಂಜಿನಿಯರು ಚಾರ್ಲ್ಸ್ ಕೆಟರಿಂಗ್ ಅವರ ಕೈಕೆಳಗೆ ಬಡಿತದ ಪರಿಹಾರಕ್ಕಾಗಿ ಹುಡುಕುತ್ತಿದ್ದರು. ಇಂಧನಕ್ಕೆ ಕೆಂಪು ಬಣ್ಣವಿದ್ದರೆ ಅದು ಶಾಖವನ್ನು ಹೀರಿಕೊಂಡು ಬೇಗ ಆವಿಯಾದೀತೆಂದು ಅವರ ಊಹೆ. ಬಣ್ಣಕ್ಕಾಗಿ ಅಯೋಡಿನ್ ಬೆರೆಸಿದರು; ಬಡಿತ ನಿಂತಿತು! ಆದರೆ ಬೇರೆ ಕೆಂಪು ಬಣ್ಣಗಳನ್ನು ಬೆರೆಸಿ ನೋಡಿದಾಗ ಏನೂ ಆಗಲಿಲ್ಲ. ಗುಣವಿದ್ದದ್ದು ಬಣ್ಣದಲ್ಲಲ್ಲ, ಅಯೋಡಿನ್ನಿನಲ್ಲಿ. ತಪ್ಪು ಊಹೆಯೊಂದು ಸರಿಯಾದ ದಾರಿಯನ್ನು ತೋರಿಸಿತ್ತು. ಹುಡುಕಾಟ ಮುಂದುವರಿದು 1921ರ ಡಿಸೆಂಬರ್ 9ರಂದು ಟೆಟ್ರಾಈಥೈಲ್ ಸೀಸದ ಗುಣ ಗೊತ್ತಾಯಿತು. ಅಮೆರಿಕದ ಒಂದು ಗ್ಯಾಲನ್ ಪೆಟ್ರೋಲಿಗೆ ಮೂರು ಘನ ಸೆಂಟಿಮೀಟರು ಬೆರೆಸಿದರೆ ಸಾಕು, ಎಂಜಿನ್ನು ಮೌನವಾಗುತ್ತಿತ್ತು. 1923ರ ಫೆಬ್ರುವರಿಯಲ್ಲಿ ಒಹಾಯೊ ಪ್ರಾಂತದ ಡೇಟನ್ ನಗರದಲ್ಲಿ ಅದರ ಮಾರಾಟ ಮೊದಲಾಯಿತು.

ಮದ್ಯಸಾರವೂ ಬಡಿತವನ್ನು ತಡೆಯುತ್ತದೆಂಬುದು ಮಿಜ್ಲಿಯವರಿಗೆ ತಿಳಿಯದ ವಿಷಯವೇನಲ್ಲ. ಆದರೆ ಅದನ್ನು ಹೆಚ್ಚಿನ ಪಾಲಿನಲ್ಲಿ ಬೆರೆಸಬೇಕಾಗಿತ್ತು. ಸೀಸವಾದರೋ ಚಿಟಿಕೆಯಷ್ಟು ಸಾಕು. ವ್ಯಾಪಾರದ ಅನುಕೂಲವೆಲ್ಲ ಸೀಸದ ಕಡೆಗಿತ್ತು. ಸೀಸವು ವಿಷವೆಂಬುದು ಹಳೆಯ ಕಾಲದಿಂದಲೂ ಗೊತ್ತಿದ್ದ ಸಂಗತಿ. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಬೇವೇ ತೈಲಾಗಾರದಲ್ಲಿ ಇದನ್ನು ತಯಾರಿಸುತ್ತಿದ್ದ ಕೆಲಸಗಾರರು ಮತಿಭ್ರಮೆಗೊಳಗಾದರು, ಐವರು ಸತ್ತರು. ಆದರೂ ಅಲ್ಪಕಾಲ ನಿಂತಿದ್ದ ಮಾರಾಟ 1926ರಲ್ಲಿ ಮತ್ತೆ ಆರಂಭವಾಯಿತು. ಮುಂದೆ ಐವತ್ತು ವರ್ಷಗಳ ಕಾಲ ‘ಒಳ್ಳೆಯ ಪೆಟ್ರೋಲು’ ಎಂದರೆ ಸೀಸ ಬೆರೆಸಿದ ಪೆಟ್ರೋಲೇ ಆಯಿತು. ಎಂಜಿನ್ನು ಸದ್ದು ಮಾಡಲಿಲ್ಲ. ಆದರೆ ಹೊಗೆಕೊಳವೆಯಿಂದ ಹೊರಬಿದ್ದ ಸೀಸವು ಬೀದಿಯ ಧೂಳಿನಲ್ಲಿ, ಮಣ್ಣಿನಲ್ಲಿ, ಮಕ್ಕಳ ರಕ್ತದಲ್ಲಿ ಸೇರಿತು. ಬೆಳೆಯುವ ಮಿದುಳಿಗೆ ಸೀಸವು ಹಾನಿಕರ. ಕ್ಲೇರ್ ಪ್ಯಾಟರ್ಸನ್ ಎಂಬ ಭೂರಸಾಯನಶಾಸ್ತ್ರಜ್ಞರು 1965ರಲ್ಲಿ, ಜನರ ಮೈಯಲ್ಲಿ ಸೇರುತ್ತಿದ್ದ ಸೀಸವು ಸಹಜ ಪ್ರಮಾಣವನ್ನು ಬಹುವಾಗಿ ಮೀರಿದೆಯೆಂದು ಎಚ್ಚರಿಸಿದರು.

ಕಾರ್ವೆಟ್ಟಿನ ಕಥೆಯೇ ಮುಂದಿನದನ್ನು ಹೇಳುತ್ತದೆ. 1970ರಲ್ಲಿ ಅದರ ಎಲ್‌ಟಿ-1 ಎಂಬ ಎಂಜಿನ್ನಿನ ಸಂಪೀಡನ ಪ್ರಮಾಣ 11. ಸಾರಿದ ಶಕ್ತಿ 370 ಅಶ್ವಶಕ್ತಿ. ಹೊಗೆಯನ್ನು ಶುದ್ಧಗೊಳಿಸುವ ಕಾನೂನು ಬಂದು, ಸೀಸವಿಲ್ಲದ ಪೆಟ್ರೋಲಿಗೆ ಸಿದ್ಧವಾಗಬೇಕಾದಾಗ, 1971ರಲ್ಲಿ ಆ ಪ್ರಮಾಣವನ್ನು 9ಕ್ಕೆ ಇಳಿಸಿದರು. ಶಕ್ತಿ 330ಕ್ಕೆ ಇಳಿಯಿತು. ಸ್ಪೋರ್ಟ್ಸ್ ಕಾರಿನ ಕಾಲ ಮುಗಿಯಿತೆಂದು ಹಲವರು ಮರುಗಿದರು. ಅವರ ಮರುಕ ನಿಜವಾಯಿತೆ? ಅದೇ ಹೆಸರಿನ ಕಾರಿಗೆ 2020ರಲ್ಲಿ ಬಂದ ಎಂಜಿನ್ನಿನ ಸಂಪೀಡನ ಪ್ರಮಾಣ 11.5. ಅದು ಓಡುವುದು ಸೀಸದ ಲೇಶವನ್ನೂ ಬೆರೆಸದ ಪೆಟ್ರೋಲಿನಿಂದ! ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೇ ಸಿಂಪಡಿಸುವುದರಿಂದ ಅದು ಆವಿಯಾಗುವಾಗ ಮಿಶ್ರಣ ತಣ್ಣಗಾಗುತ್ತದೆ. ಅಲ್ಯೂಮಿನಿಯಮ್ಮಿನ ಮೇಲ್ಭಾಗವು ಶಾಖವನ್ನು ಬೇಗ ಸಾಗಿಸುತ್ತದೆ. ಎಂಜಿನ್ನಿಗೆ ಬಿಗಿದ ಸ್ಫಟಿಕದ ‘ಕಿವಿ’ಯೊಂದು ಬಡಿತದ ಕಂಪನವನ್ನು ಆಲಿಸಿ ವಿದ್ಯುತ್ಸಂಕೇತ ಕಳುಹಿಸಿದೊಡನೆ, ಗಣಕವು ಕಿಡಿಯನ್ನು ಕ್ಷಣದಷ್ಟು ತಡಮಾಡುತ್ತದೆ. ಇಂಧನದ ಮೇಲೆ ಹೊರಿಸಿದ್ದ ಭಾರವನ್ನು ಎಂಜಿನ್ನೇ ಬಹುಮಟ್ಟಿಗೆ ಹೊತ್ತಿತು.

ಆದ್ದರಿಂದ ಹಳೆಯ ಕಾರಿನ ಒಡೆಯನಿಗೆ ನಾವು ಹೇಳುವುದಿಷ್ಟು: ಬಡಿತ ಕೇಳಿದೊಡನೆ ಮೊದಲು ಗೇರನ್ನು ಇಳಿಸಿ ಹೊರೆಯನ್ನು ಕಡಮೆ ಮಾಡಬೇಕು. ಆಮೇಲೆ ಎಂಜಿನ್ನನ್ನು ಪರೀಕ್ಷಿಸಬೇಕು. ಒಳಗೆ ಮಸಿ ಕಟ್ಟಿದ್ದರೆ ಜಾಗ ಕಿರಿದಾಗಿ ಸಂಪೀಡನ ಪ್ರಮಾಣ ತಾನೇ ಏರಿರುತ್ತದೆ. ಕಿಡಿಯು ಬೇಕಾದುದಕ್ಕಿಂತ ಮುಂಚೆ ಹಾರುತ್ತಿರಬಹುದು. ಮಿಶ್ರಣದಲ್ಲಿ ಪೆಟ್ರೋಲು ಕಡಮೆಯಾಗಿರಬಹುದು. ರೇಡಿಯೇಟರು ಕಟ್ಟಿಕೊಂಡು ಎಂಜಿನ್ನು ಅತಿಯಾಗಿ ಕಾಯುತ್ತಿರಬಹುದು. ಇವೆಲ್ಲ ಸರಿಯಿದ್ದೂ ಬಡಿತ ನಿಲ್ಲದಿದ್ದರೆ ಮಾತ್ರ ಪೆಟ್ರೋಲಿನ ಅಂಕಿಯ ಪ್ರಶ್ನೆ ಬರುತ್ತದೆ. ತಯಾರಕರು ಹೇಳಿದುದಕ್ಕಿಂತ ಕೆಳಗಿನ ಪೆಟ್ರೋಲನ್ನು ಹಾಕುವುದು ಖಂಡಿತವಾಗಿ ತಪ್ಪು. ಆದರೆ ಬಡಿತವೇ ಇಲ್ಲದ ಸಾಮಾನ್ಯ ಎಂಜಿನ್ನಿಗೆ ಹೆಚ್ಚಿನ ಅಂಕಿಯ ಪೆಟ್ರೋಲನ್ನು ಹಾಕುವುದು ಬಹುಪಾಲು ಹಣದ ಪೋಲು.

ನಮ್ಮ ದೇಶದಲ್ಲಿಯೂ ಈ ಗೊಂದಲಕ್ಕೆ ಎಡೆಯುಂಟು. ಸೀಸ ಬೆರೆಸಿದ ಪೆಟ್ರೋಲು ಇಲ್ಲಿ 2000ನೆಯ ಇಸವಿಯಲ್ಲಿ ನಿಂತಿತು. ಜಗತ್ತಿನಲ್ಲಿ ಕಡೆಯದಾಗಿ ಆಲ್ಜೀರಿಯ ದೇಶವು 2021ರಲ್ಲಿ ನಿಲ್ಲಿಸಿತು. 2020ರ ಏಪ್ರಿಲಿನಲ್ಲಿ ಜಾರಿಗೆ ಬಂದ ಭಾರತ್ ಸ್ಟೇಜ್ 6 ನಿಯಮವು ಸಾಮಾನ್ಯ ಪೆಟ್ರೋಲಿಗೆ 91, ಮೇಲ್ದರ್ಜೆಯದಕ್ಕೆ 95 ಎಂದು ಕನಿಷ್ಠ ರಿಸರ್ಚ್ ಸಂಖ್ಯೆಯನ್ನು ಗೊತ್ತುಪಡಿಸಿತು. ಅದೇ ವರ್ಷ ಡಿಸೆಂಬರಿನಲ್ಲಿ 100ರ ಪೆಟ್ರೋಲೂ ಕೆಲವು ನಗರಗಳಲ್ಲಿ ಮಾರಾಟಕ್ಕೆ ಬಂದಿತು. ಸಾಮಾನ್ಯ ಮೋಟಾರ್ ಸೈಕಲ್ಲಿಗೆ ಅದನ್ನು ತುಂಬಿಸಿ ಬಲ ಹೆಚ್ಚಿತೆಂದು ತಿಳಿಯುವ ತರುಣರು ಆಕ್ಟೇನ್ ಸಂಖ್ಯೆಯ ಅರ್ಥವನ್ನು ಇನ್ನೊಮ್ಮೆ ಯೋಚಿಸಬೇಕು.

2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್, ಎಂದರೆ ಮದ್ಯಸಾರವೇ, ಬೆರೆಯುವಂತಾಯಿತು. ನೂರು ವರ್ಷಗಳ ಹಿಂದೆ ಬದಿಗೆ ಸರಿಸಿದ್ದ ವಸ್ತು ಮರಳಿ ಬಂದಿದೆ. ಇದರಿಂದ ಪೆಟ್ರೋಲಿನ ಆಕ್ಟೇನ್ ಸಂಖ್ಯೆ ಏರುತ್ತದೆ. ಆದರೆ ಎಥನಾಲಿನ ಒಂದು ಲೀಟರಿನಲ್ಲಿರುವ ಶಕ್ತಿಯು ಪೆಟ್ರೋಲಿನದಕ್ಕಿಂತ ಸುಮಾರು ಮೂರನೆಯ ಒಂದು ಪಾಲು ಕಡಮೆ. ಆದುದರಿಂದ ಈ ಮಿಶ್ರಣದ ಲೀಟರಿಗೆ ಶೇಕಡಾ 6ರಿಂದ 7ರಷ್ಟು ಶಕ್ತಿ ಕಡಮೆಯಾಗುತ್ತದೆ. ಅಂಕಿ ಏರಿತು, ಶಕ್ತಿ ಇಳಿಯಿತು! ಆಕ್ಟೇನ್ ಸಂಖ್ಯೆಯು ಬಲದ ಅಳತೆಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಏರಿದ ತಾಳ್ಮೆಯ ಪ್ರಯೋಜನ ಸಿಗಬೇಕಾದರೆ ಎಂಜಿನ್ನಿನ ಸಂಪೀಡನವನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಬೇಕು. ಇಂಧನದ ಗುಣ ಇಂಧನದಲ್ಲಿ ಮಾತ್ರವಿಲ್ಲ. ಎಂಜಿನ್ನಿನೊಡನೆ ಅದು ಹೊಂದುವುದರಲ್ಲಿದೆ.

ಒಳ್ಳೆಯ ಪೆಟ್ರೋಲೆಂದರೆ ಎಂಜಿನ್ನನ್ನು ಸುಮ್ಮನಿರಿಸುವ ಪೆಟ್ರೋಲು ಎಂಬ ಒಂದೇ ಅಳತೆಯನ್ನು ಹಿಡಿದು, ಹೊರಬೀಳುವ ಹೊಗೆಯ ಕಡೆಗೆ ನೋಡದೆ ಹೋದದ್ದರಿಂದ ಎರಡು ಮೂರು ತಲೆಮಾರಿನ ಮಕ್ಕಳು ಸೀಸವನ್ನು ಉಸಿರಾಡಿದರು. ಮುಂದೆ ಹೊಸ ಇಂಧನಗಳು, ಹೊಸ ಬೆರಕೆಗಳು ಬರುತ್ತಲೇ ಇರುತ್ತವೆ. ಅವನ್ನು ಪರೀಕ್ಷಿಸುವವರು ಇಂದಿನ ವಿದ್ಯಾರ್ಥಿಗಳೇ. ಬಡಿತ ನಿಂತಿತೆ ಎಂದು ಕೇಳುವುದರ ಜೊತೆಗೆ, ಯಾವುದರಿಂದ ನಿಂತಿತು, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂದೂ ಅವರು ಕೇಳುವಂತಾಗಲಿ.