ವುಮ್ಕರ್ ಎಂಬ ಹೆಸರಿನ ಗೋರಿ

ಫ್ರಾನ್ಸಿನ ಹಂಗಾರ್ ಎಂಬ ಊರಿನ ಸ್ಮಶಾನದಲ್ಲಿ ಮೊದಲನೆಯ ಮಹಾಯುದ್ಧದ ಕಾಲದ ಗೋರಿಯೊಂದಿದೆ. ಮೊದಲು ಅದರ ಮೇಲಿದ್ದ ಹೆಸರು ‘ಒಬರ್‌ಲಾಯ್ಟ್‌ನಂಟ್ ಎಸ್. ಸಿ. ವುಮ್ಕರ್’. ಒಬರ್‌ಲಾಯ್ಟ್‌ನಂಟ್ ಎಂಬುದು ಜರ್ಮನ್ ಸೇನೆಯ ಹುದ್ದೆಯಾದುದರಿಂದ, ಅಲ್ಲಿ ಮಲಗಿದವನು ಜರ್ಮನ್ ಅಧಿಕಾರಿಯೆಂದು ನೋಡಿದವರು ಭಾವಿಸುವುದು ಸಹಜವೇ. ಆದರೆ ಅಲ್ಲಿದ್ದವನು ಮುಂಬಯಿಯ ಶ್ರೀಕೃಷ್ಣ ವೆಲಿಂಕರ್. ಬ್ರಿಟಿಷ್ ವಾಯುಪಡೆಯ 23ನೆಯ ಸ್ಕ್ವಾಡ್ರನ್ನಿನ ಲೆಫ್ಟಿನೆಂಟ್. 1918ರ ಜೂನ್ ಕೊನೆಯ ವಾರದಲ್ಲಿ ಡಾಲ್ಫಿನ್ ವಿಮಾನವನ್ನೇರಿ ಹೋದವನು ಮರಳಲಿಲ್ಲ. ಗಾಯಗೊಂಡು ಶತ್ರುಗಳ ವಶದಲ್ಲಿದ್ದು, ಅದೇ ತಿಂಗಳ 30ರಂದು ತೀರಿಕೊಂಡನು. ವುಮ್ಕರನೂ ವೆಲಿಂಕರನೂ ಒಬ್ಬನೇ ಎಂಬುದು ತಿಳಿದದ್ದು ಯುದ್ಧ ಮುಗಿದು ವರ್ಷಗಳು ಕಳೆದ ಮೇಲೆ.

ಜರ್ಮನ್ ಹೆಸರೊಂದಕ್ಕೆ ‘ಕರ್’ ಎಂಬ ಕೊನೆ ಎಲ್ಲಿಂದ ಬಂತು? ಕೊಂಕಣ ಮತ್ತು ದೇಶ ಸೀಮೆಗಳ ಮನೆತನದ ಹೆಸರುಗಳನ್ನು ಬಲ್ಲ ಯಾರೇ ಆದರೂ ಆ ಫಲಕದ ಮುಂದೆ ನಿಂತೊಡನೆ ಈ ಪ್ರಶ್ನೆ ಕೇಳುತ್ತಿದ್ದರು. ಕೇಳಬಲ್ಲವರು ಅಲ್ಲಿರಲಿಲ್ಲ, ಅಷ್ಟೆ. ಯೋಧರ ಸೇವಾ ದಾಖಲೆಗಳ ಶೋಧನೆ ಇತಿಹಾಸಕಾರನ ಕೆಲಸವೆಂದು ಭಾಷಾ ವಿಭಾಗಗಳು ದೂರ ನಿಲ್ಲುವುದು ಸರಿಯಲ್ಲ ಎಂಬುದಕ್ಕೆ ಈ ಒಂದು ಗೋರಿಯೇ ಸಾಕು.

ಲಂಡನ್ನಿನ ಕ್ಯೂ ಎಂಬಲ್ಲಿರುವ ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಆ ಕಾಲದ ವಾಯುಪಡೆಯ ಅಧಿಕಾರಿಗಳ ದಾಖಲೆಗಳು ‘ಏರ್ 76’ ಎಂಬ ಶ್ರೇಣಿಯಲ್ಲಿವೆ. ಕೆಳದರ್ಜೆಯವರದು ‘ಏರ್ 79’. ಎರಡನೆಯದನ್ನು ಜೋಡಿಸಿರುವುದು ಹೆಸರಿನ ಕ್ರಮದಲ್ಲಲ್ಲ, ಸೇವಾ ಸಂಖ್ಯೆಯ ಕ್ರಮದಲ್ಲಿ. ಸಂಖ್ಯೆ ತಿಳಿಯದವನು ಮೊದಲು ‘ಏರ್ 78’ ಎಂಬ ಹೆಸರಿನ ಸೂಚಿಗೆ ಹೋಗಬೇಕು. ಇಲ್ಲಿ ಒಂದು ತಾರೀಖು ಮುಖ್ಯ. ಸೇನೆಯ ಫ್ಲೈಯಿಂಗ್ ಕೋರ್ ಮತ್ತು ನೌಕಾಪಡೆಯ ವಿಮಾನದಳಗಳು ಕೂಡಿ ರಾಯಲ್ ಏರ್‌ಫೋರ್ಸ್ ಆದದ್ದು 1918ರ ಏಪ್ರಿಲ್ 1ರಂದು. ಅಂದು ಸೇವೆಯಲ್ಲಿದ್ದವರ ಕಡತಗಳು ಹೊಸ ಪಡೆಗೆ ವರ್ಗವಾಗಿ ಉಳಿದುಕೊಂಡವು. ಅದಕ್ಕೆ ಮೊದಲೇ ಮಡಿದ ಫ್ಲೈಯಿಂಗ್ ಕೋರಿನ ಸಾಮಾನ್ಯ ಸಿಪಾಯಿಗಳ ಕಡತಗಳು ಸೇನೆಯ ಉಗ್ರಾಣದಲ್ಲಿಯೇ ಇದ್ದು, 1940ರ ಬಾಂಬ್ ದಾಳಿಯ ಬೆಂಕಿಯಲ್ಲಿ ಬಹುಪಾಲು ಸುಟ್ಟುಹೋದವು. ಒಂದೇ ಡೇರೆಯಲ್ಲಿ ಮಲಗಿದ್ದ ಇಬ್ಬರಲ್ಲಿ ಮಾರ್ಚಿಯಲ್ಲಿ ಸತ್ತವನಿಗೆ ಕಾಗದವಿಲ್ಲದೆ, ಮೇ ತಿಂಗಳಲ್ಲಿ ಸತ್ತವನಿಗೆ ಇರುವುದು ಹೀಗೆ.

ದಾಖಲೆಯು ಅಭಿಮಾನವನ್ನೂ ತಿದ್ದುತ್ತದೆ. ‘ಏರ್‌ಮನ್’ ಎಂದೊಡನೆ ವಿಮಾನ ಹಾರಿಸಿದವನೆಂದು ಮನೆಯವರು ತಿಳಿಯುತ್ತಾರೆ. ಆದರೆ ಆ ಪಡೆಯ ಬಹುಸಂಖ್ಯಾತರು ನೆಲದ ಮೇಲೆ ದುಡಿದ ಫಿಟ್ಟರುಗಳು, ಬಡಗಿಗಳು, ರೆಕ್ಕೆಯ ಬಟ್ಟೆ ಹೊಲಿಯುವವರು. ಅಜ್ಜ ವೈಮಾನಿಕನಲ್ಲ, ಬಡಗಿ ಎಂದು ತಿಳಿದಾಗ ಮುಖ ಸಪ್ಪಗಾಗುವುದುಂಟು. ಆಗಬೇಕಾಗಿಲ್ಲ. ಅಂದಿನ ವಿಮಾನವೆಂದರೆ ಮರ, ತಂತಿ, ಬಟ್ಟೆ. ಬಡಗಿಯ ಕೈ ತಪ್ಪಿದ್ದರೆ ವೀರನೂ ನೆಲಕ್ಕೆ ಬೀಳುತ್ತಿದ್ದ.

ಆ ಯುದ್ಧದಲ್ಲಿ ವಿಮಾನ ನಡೆಸಿದ ಭಾರತೀಯರು ಬೆರಳೆಣಿಕೆಯವರು. ಪೇಟ ಬಿಡಲೊಪ್ಪದೆ ಅದರ ಮೇಲೆಯೇ ವಿಶೇಷ ಶಿರಸ್ತ್ರಾಣ ಧರಿಸಿ ಹಾರಿದ ಹರದಿತ್ ಸಿಂಗ್ ಮಲಿಕ್, 1917ರಲ್ಲಿ ಸೆರೆಸಿಕ್ಕ ಎರಲ್ ಸೇನ್, ಹತ್ತೊಂಬತ್ತರ ಹರೆಯದಲ್ಲಿ ಹತ್ತು ವಿಜಯಗಳನ್ನು ಗಳಿಸಿ 1918ರ ಜುಲೈ 22ರಂದು ಮಡಿದ ಇಂದ್ರಲಾಲ್ ರಾಯ್. ರಾಯ್ ಅವರ ಗೋರಿಯ ಮೇಲೆ ಬಂಗಾಳಿ ಲಿಪಿಯ ಬರಹವಿದೆ. ತನ್ನ ಲಿಪಿಯಲ್ಲಿ ಗುರುತಿಸಲ್ಪಡುವುದಕ್ಕೂ ಅನ್ಯರ ಕಿವಿಗೆ ಬಿದ್ದಂತೆ ಬರೆಯಲ್ಪಡುವುದಕ್ಕೂ ಇರುವ ಅಂತರವನ್ನು ಈ ಎರಡು ಗೋರಿಗಳನ್ನು ಜೊತೆಗಿಟ್ಟು ನೋಡಿದರೆ ಅರಿಯಬಹುದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ವಿದ್ಯಾರ್ಥಿಗೆ ಇದು ಹೊಸ ಸಂಗತಿಯೇನಲ್ಲ. ಮನೆಯಲ್ಲಿ ಕನ್ನಡದಲ್ಲಿ ಕರೆಯುವ ಹೆಸರು ಸಾತಬಾರಾ ಉತಾರೆಯಲ್ಲಿ ಮರಾಠಿಯ ಬೇರೊಂದು ರೂಪ ತಾಳುತ್ತದೆ, ಶಾಲೆಯ ದಾಖಲೆಯಲ್ಲಿ ಇಂಗ್ಲಿಷಿನ ಮೂರನೆಯ ರೂಪ. ಒಂದು ಕಡೆ ಅಪ್ಪನ ಹೆಸರು ನಡುವೆ, ಇನ್ನೊಂದು ಕಡೆ ಅದು ಬರಿಯ ಇನಿಷಿಯಲ್. ಮೂರೂ ಒಬ್ಬನೇ ಎಂದು ಕಚೇರಿಗೆ ಮನವರಿಕೆ ಮಾಡಿಕೊಡಲು ಅಫಿಡವಿಟ್ಟು ಹಿಡಿದು ಅಲೆದವರ ಮಕ್ಕಳು ಇವರು. ಪತ್ರಾಗಾರದಲ್ಲಿ ಬೇಕಾದ ಕೌಶಲವೂ ಇದೇ: ಹೆಸರನ್ನು ನಂಬದೆ ಸಂಖ್ಯೆ, ತಾರೀಖು, ದಳ ಇವುಗಳನ್ನು ಮೊದಲು ಹೊಂದಿಸುವುದು; ಆಮೇಲೆ, ಈ ಉಚ್ಚಾರಣೆ ಯಾರ ಕಿವಿಯಲ್ಲಿ ಹೇಗೆ ಕೇಳಿಸಿರಬಹುದು ಎಂದು ಹೆಸರಿಗೆ ಮರಳುವುದು.

ಕನ್ನಡ ಎಂ.ಎ. ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಕಲಿಸಲಾಗುತ್ತದೆ. ಪ್ರತಿಕಾರನ ಕೈತಪ್ಪು ಹೇಗೆ ಹುಟ್ಟುತ್ತದೆ, ಪಾಠಾಂತರಗಳಲ್ಲಿ ಯಾವುದು ಮೂಲಕ್ಕೆ ಹತ್ತಿರ ಎಂಬ ವಿಚಾರವೆಲ್ಲ ತಾಳೆಗರಿಯ ಹಳಗನ್ನಡಕ್ಕೇ ಮೀಸಲಾಗಿ ನಿಂತಿದೆ. ವುಮ್ಕರ್ ಎಂಬುದೂ ಒಂದು ಪಾಠಾಂತರ. ಆ ಪತ್ರಿಕೆಯಲ್ಲಿ ಒಂದು ಘಟಕವನ್ನು ಇಂಥ ಕಡತಗಳಿಗೆ ಬಿಟ್ಟುಕೊಡಲು ದೊಡ್ಡ ಅನುದಾನ ಬೇಕಿಲ್ಲ. ಮೊದಲ ಅಭ್ಯಾಸಕ್ಕೆ ಕ್ಯೂವರೆಗೂ ಹೋಗಬೇಕಾಗಿಲ್ಲ. ಅಜ್ಜನ ಹೆಸರು ಮನೆಯ ಹಳೆಯ ಕಾಗದಗಳಲ್ಲಿ ಎಷ್ಟು ಬಗೆಯಾಗಿ ಬರೆಯಲ್ಪಟ್ಟಿದೆ ಎಂದು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆದು ತಂದರೆ ಸಾಕು.